ಪ್ರಶ್ನೆಪತ್ರಿಕೆಗೂ ಒಂದು ಪರೀಕ್ಷೆ



ಪ್ರತಿ ವರ್ಷ ಶಾಲೆ ಪುನರಾರಂಭವಾದ ಮೊದಲ ವಾರದಲ್ಲಿ ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ದೊಡ್ಡ ಕಾಗದ ಹರಡಿರುತ್ತದೆ. ಅದೇ ಆ ವರ್ಷದ ವೇಳಾಪಟ್ಟಿ. ಗಣಿತದ ಮೇಷ್ಟ್ರಿಗೆ ಬೆಳಗಿನ ಪೀರಿಯಡ್ ಬೇಕು, ಆಟದ ಪೀರಿಯಡ್ ಕೊನೆಗೆ ಬರಬೇಕು, ಒಬ್ಬರೇ ಶಿಕ್ಷಕರು ಒಂದೇ ಹೊತ್ತಿನಲ್ಲಿ ಎರಡು ತರಗತಿಗಳಲ್ಲಿ ಇರುವಂತಿಲ್ಲ. ಉರ್ದು ಮತ್ತು ಕನ್ನಡ ಎರಡನ್ನೂ ಬೋಧಿಸುವ ನನ್ನಂಥವರಿದ್ದರೆ ತಲೆನೋವು ಇಮ್ಮಡಿಯಾಗುತ್ತದೆ. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಕೆಡುತ್ತದೆ. ಇರುವ ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ಬರೆದು ನೋಡಲು ಹೊರಟರೆ ಒಂದು ಜನ್ಮ ಸಾಲದು. ಇಂಥ ಅಸಂಖ್ಯ ಸಾಧ್ಯತೆಗಳ ನಡುವೆ ಅತ್ಯುತ್ತಮವಾದುದನ್ನು ಹುಡುಕುವುದಕ್ಕೆ ಗಣಿತಜ್ಞರು ಆಪ್ಟಿಮೈಸೇಶನ್ ಎನ್ನುತ್ತಾರೆ.

ಇದಕ್ಕೆ ಒಂದು ಸುಲಭ ಉಪಾಯವಿದೆ. ಹೇಗೋ ಒಂದು ವೇಳಾಪಟ್ಟಿ ಬರೆಯಿರಿ. ಅದರಲ್ಲಿ ಯಾವುದಾದರೂ ಎರಡು ಪೀರಿಯಡ್‌ಗಳನ್ನು ಚೀಟಿ ಎತ್ತಿ ಅದಲು ಬದಲು ಮಾಡಿ. ತಕರಾರು ಕಡಿಮೆಯಾದರೆ ಹೊಸದನ್ನು ಇಟ್ಟುಕೊಳ್ಳಿ, ಹೆಚ್ಚಾದರೆ ಹಳೆಯದಕ್ಕೆ ಮರಳಿ. ಹೀಗೆ ಸಾವಿರಾರು ಬಾರಿ ಮಾಡಿ. ಒಂದರ ಬದಲು ಐವತ್ತು ವೇಳಾಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಂಡು, ಒಳ್ಳೆಯ ಎರಡರ ಅರ್ಧರ್ಧ ಭಾಗಗಳನ್ನು ಜೋಡಿಸಿ ಹೊಸದೊಂದನ್ನು ಹುಟ್ಟಿಸಲೂಬಹುದು. ನಮ್ಮ ಜೀವಶಾಸ್ತ್ರ ಪಠ್ಯದಲ್ಲಿ ಬರುವ ಉತ್ಪರಿವರ್ತನೆ, ಸಂಕರ, ಆಯ್ಕೆ ಎಂಬ ಮೂರು ಮಾತುಗಳನ್ನು ಲೆಕ್ಕಕ್ಕೆ ಅಳವಡಿಸಿದಂತೆ. ಇಂಥ ವಿಧಾನಗಳಿಗೆ ವಿಕಾಸ ಮಾದರಿಯ ಅಲ್ಗಾರಿದಮ್‌ಗಳು ಎಂದು ಹೆಸರು. ಅಲ್ಗಾರಿದಂ ಎಂಬ ಪದ 9ನೇ ಶತಮಾನದಲ್ಲಿ ಬಾಗ್ದಾದ್‌ನಲ್ಲಿದ್ದ ಗಣಿತಜ್ಞ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿ ಅವರ ಹೆಸರಿನ ಲ್ಯಾಟಿನ್ ರೂಪದಿಂದ ಬಂದುದು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು.

ಈ ವಿಧಾನಗಳು ಹೇಗೆ ಹುಟ್ಟಿದವು ಎಂಬ ಕತೆಯನ್ನು ಬೇಕಾದಷ್ಟು ಪುಸ್ತಕಗಳು ಹೇಳುತ್ತವೆ. ನಾನು ಹೇಳಹೊರಟಿರುವುದು ಅವುಗಳನ್ನು ಪರೀಕ್ಷಿಸಿದವರ ಚರಿತ್ರೆ. ತೀರಾ ಸರಳ ಸಂದರ್ಭಗಳನ್ನು ಬಿಟ್ಟರೆ, ಇಂಥ ವಿಧಾನವೊಂದು ಎಷ್ಟು ಬೇಗ ಉತ್ತರ ತಲುಪುತ್ತದೆ ಎಂಬುದನ್ನು ಕಾಗದದ ಮೇಲೆ ಸಾಧಿಸಿ ತೋರಿಸುವುದು ಬಹಳ ಕಷ್ಟ. ಆದ್ದರಿಂದ ಓಡಿಸಿಯೇ ನೋಡಬೇಕು, ಅಳೆಯಬೇಕು. ಉರ್ದುವಿನಲ್ಲಿ ತಜರ್ಬಾ ಎಂಬ ಒಂದೇ ಪದ ಪ್ರಯೋಗಕ್ಕೂ ಸಲ್ಲುತ್ತದೆ, ಅನುಭವಕ್ಕೂ ಸಲ್ಲುತ್ತದೆ. ಪ್ರಯೋಗದಿಂದ ಅನುಭವ ಬರಲು ಈ ಕ್ಷೇತ್ರದಲ್ಲಿ ಹಿಡಿದ ಕಾಲ ಮಾತ್ರ ಸಣ್ಣದಲ್ಲ.

ಕತೆ ಶುರುವಾಗುವುದು 1964ರಲ್ಲಿ, ಪಶ್ಚಿಮ ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಇಂಗೊ ರೆಶೆನ್‌ಬರ್ಗ್, ಹನ್ಸ್ ಪೌಲ್ ಶ್ವೇಫೆಲ್, ಪೀಟರ್ ಬೀನೆರ್ಟ್ ಎಂಬ ಮೂವರು ವಿದ್ಯಾರ್ಥಿಗಳು ಅಲ್ಲಿದ್ದರು. ಗಾಳಿಯ ಪ್ರವಾಹದಲ್ಲಿ ಅತಿ ಕಡಿಮೆ ಎಳೆತ ಅನುಭವಿಸುವ ಆಕಾರವನ್ನು ಯಂತ್ರವೇ ತಾನಾಗಿ ಹುಡುಕಿಕೊಳ್ಳುವಂತೆ ಮಾಡಲು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರು ಆರು ಚಪ್ಪಟೆ ಪಟ್ಟಿಗಳನ್ನು ಐದು ಕೀಲುಗಳಿಂದ ಸಾಲಾಗಿ ಜೋಡಿಸಿ ಗಾಳಿಸುರಂಗದಲ್ಲಿ ನಿಲ್ಲಿಸಿದರು. ಪ್ರತಿ ಕೀಲನ್ನೂ ಎರಡೆರಡು ಡಿಗ್ರಿಯಂತೆ 51 ಸ್ಥಾನಗಳಲ್ಲಿ ನಿಲ್ಲಿಸಬಹುದಿತ್ತು. ಲೆಕ್ಕ ಹಾಕಿ ನೋಡಿ: 51ನ್ನು ಐದು ಬಾರಿ ಗುಣಿಸಿದರೆ 34,50,25,251 ಆಕಾರಗಳು. ಒಂದೊಂದನ್ನೂ ಅಳೆಯುತ್ತ ಕುಳಿತರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು.

ಒಂದು ಸಲಕ್ಕೆ ಒಂದೇ ಕೀಲನ್ನು ತಿರುಗಿಸಿ ನೋಡುವ ರೂಢಿಯ ಕ್ರಮ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಗ ರೆಶೆನ್‌ಬರ್ಗ್ ಎಲ್ಲ ಕೀಲುಗಳನ್ನೂ ಒಟ್ಟಿಗೆ, ಅದೃಷ್ಟದ ಮೇಲೆ ಬಿಟ್ಟು, ಸ್ವಲ್ಪ ಸ್ವಲ್ಪ ತಿರುಗಿಸುವ ದಾರಿ ಹಿಡಿದರು. ಯಾವ ಕೀಲನ್ನು ಎಷ್ಟು ತಿರುಗಿಸಬೇಕೆಂಬುದನ್ನು ಕಂಪ್ಯೂಟರ್ ಹೇಳಲಿಲ್ಲ. ಮೊಳೆ ಹೊಡೆದ ಹಲಗೆಯ ಮೇಲಿನಿಂದ ಗೋಲಿ ಬಿಟ್ಟು, ಅದು ಕೆಳಗಿನ ಯಾವ ಗೂಡಿಗೆ ಬೀಳುತ್ತದೆ ಎಂದು ನೋಡಿ ನಿರ್ಧರಿಸಿದರು. ಗೋಲಿ ಹೆಚ್ಚಾಗಿ ನಡುವಿನ ಗೂಡುಗಳಿಗೇ ಬೀಳುತ್ತದೆ, ಅಂಚಿಗೆ ಬೀಳುವುದು ಅಪರೂಪ. ಅಂದರೆ ಸಣ್ಣ ಬದಲಾವಣೆಗಳು ಹೆಚ್ಚು, ದೊಡ್ಡವು ವಿರಳ. ಎಳೆತ ಕಡಿಮೆಯಾದರೆ ಹೊಸ ಆಕಾರ ಉಳಿಯಿತು, ಇಲ್ಲವಾದರೆ ಹಳೆಯದಕ್ಕೇ ವಾಪಸ್. ಅಂಕುಡೊಂಕಾಗಿ ಆರಂಭವಾದ ಪಟ್ಟಿ ಸುಮಾರು 300 ಪ್ರಯತ್ನಗಳಲ್ಲಿ ಹೆಚ್ಚು ಕಡಿಮೆ ನೇರವಾದ ಹಲಗೆಯಾಗಿ ಚಾಚಿಕೊಂಡಿತು. ಅದೇ ವರ್ಷ ಜರ್ಮನಿಯ ಡೇರ್ ಸ್ಪೀಗೆಲ್ ವಾರಪತ್ರಿಕೆಯಲ್ಲಿ ಈ ಅಂಕುಡೊಂಕು ಪಟ್ಟಿಯ ಸುದ್ದಿ ಬಂತು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ನೇರವಾದ ಹಲಗೆಗೆ ಎಳೆತ ಕಡಿಮೆ ಎಂಬುದು ಆ ಮೂವರಿಗೂ ಮೊದಲೇ ಗೊತ್ತಿತ್ತು. ಗೊತ್ತಿರುವ ಉತ್ತರವನ್ನು ಹುಡುಕಲು ಇಷ್ಟು ಶ್ರಮ ಏಕೆ? ಅವರು ಪರೀಕ್ಷಿಸುತ್ತಿದ್ದುದು ಹಲಗೆಯನ್ನಲ್ಲ, ವಿಧಾನವನ್ನು. ಉತ್ತರ ನಮ್ಮ ಕೈಯಲ್ಲಿದ್ದರೆ ತಾನೇ ವಿಧಾನ ಅದನ್ನು ತಲುಪಿತೋ ಇಲ್ಲವೋ ಎಂದು ಹೇಳಲು ಸಾಧ್ಯ! ಇಷ್ಟಕ್ಕೇ ನಿಲ್ಲದೆ ಅವರು ಮುಂದೆ ಪಟ್ಟಿಯ ಎರಡು ತುದಿಗಳನ್ನು ಬೇರೆ ಬೇರೆ ಮಟ್ಟದಲ್ಲಿ ಇಟ್ಟು ಮತ್ತೆ ಪ್ರಯೋಗಿಸಿದರು. ಆಗ ನೇರ ಹಲಗೆ ಉತ್ತರವಾಗುವಂತಿರಲಿಲ್ಲ, ಎಸ್ ಅಕ್ಷರದಂತೆ ಮೆಲ್ಲನೆ ಬಾಗಿದ ಆಕಾರ ಹೊರಬಂತು. ಉತ್ತರದ ಜಾಗವನ್ನು ಬದಲಿಸಿ ಮತ್ತೊಮ್ಮೆ ಪರೀಕ್ಷಿಸುವ ಈ ಚಿಕ್ಕ ಎಚ್ಚರಿಕೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಅದನ್ನು ಈ ಕ್ಷೇತ್ರ ಮುಂದೆ ದೀರ್ಘಕಾಲ ಮರೆತುಬಿಟ್ಟಿತು.

ಶ್ವೇಫೆಲ್ ಅವರು ಕೆಲವು ವರ್ಷಗಳ ನಂತರ ಮಾಡಿದ ಪ್ರಯೋಗ ಇನ್ನೂ ಸೊಗಸಾದುದು. ಬಿಸಿನೀರು ಅರ್ಧ ಹಬೆಯಾಗಿ ಚಿಮ್ಮುವ ನಳಿಕೆಯೊಂದರ ದಕ್ಷತೆ ಹೆಚ್ಚಿಸಬೇಕಿತ್ತು. ನೀರು ಮತ್ತು ಹಬೆ ಬೆರೆತ ಆ ಹರಿವನ್ನು ಲೆಕ್ಕ ಹಾಕುವ ಸಮೀಕರಣ ಯಾರ ಬಳಿಯೂ ಇರಲಿಲ್ಲ. ಅವರು ಬೇರೆ ಬೇರೆ ಅಳತೆಯ ರಂಧ್ರಗಳುಳ್ಳ ಉಂಗುರಗಳನ್ನು ಕೊರೆಸಿಕೊಂಡು, ಬಳೆ ಪೋಣಿಸಿದಂತೆ ಒಂದರ ಪಕ್ಕ ಒಂದು ಜೋಡಿಸಿ ನಳಿಕೆ ಮಾಡಿದರು. ಅದೃಷ್ಟದಂತೆ ಉಂಗುರ ಬದಲಿಸುವುದು, ಸೇರಿಸುವುದು, ತೆಗೆಯುವುದು, ಪ್ರತಿ ಸಲ ಅಳೆಯುವುದು. ಸುಮಾರು 55 ಶೇಕಡಾ ಇದ್ದ ದಕ್ಷತೆ 80 ಶೇಕಡಾ ಸಮೀಪಕ್ಕೆ ಏರಿತು. ಕೊನೆಗೆ ಸಿಕ್ಕ ನಳಿಕೆ ನುಣುಪಾಗಿರಲಿಲ್ಲ, ನಡುನಡುವೆ ಹೊಟ್ಟೆ ಉಬ್ಬಿದ ವಿಚಿತ್ರ ಆಕಾರ ಅದರದು. ಯಾವ ಇಂಜಿನಿಯರನೂ ಅಂಥದೊಂದು ನಕ್ಷೆ ಬರೆಯುತ್ತಿರಲಿಲ್ಲ. ಅಲ್ಲಿ ಪರೀಕ್ಷಕರು ನೀರು ಮತ್ತು ಹಬೆ. ಅವರ ಹತ್ತಿರ ಶಿಫಾರಸು ನಡೆಯುವುದಿಲ್ಲ.

ಇತ್ತ ಅಮೆರಿಕದಲ್ಲಿ, ಬರ್ಲಿನ್‌ನ ಈ ಕೆಲಸದೊಡನೆ ಸಂಬಂಧವಿಲ್ಲದೆಯೇ ಇನ್ನೆರಡು ಮನೆಗಳು ಎದ್ದವು. ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಫೋಗೆಲ್ ಮತ್ತು ಸಂಗಡಿಗರು 1966ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿದರು. ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಹಾಲಂಡ್ ಅವರ ಪುಸ್ತಕ 1975ರಲ್ಲಿ ಬಂತು. ಹಾಲಂಡ್ ಅವರ ವಿಧಾನಕ್ಕೆ ಜೆನೆಟಿಕ್ ಅಲ್ಗಾರಿದಂ ಎಂದು ಹೆಸರು. ಉತ್ತರಗಳನ್ನು ಸೊನ್ನೆ ಮತ್ತು ಒಂದುಗಳ ಸರಗಳಾಗಿ ಬರೆದು, ಎರಡು ಸರಗಳ ತುಂಡುಗಳನ್ನು ಜೋಡಿಸಿ ಹೊಸ ಸರ ಮಾಡುವುದು ಅದರ ಮುಖ್ಯ ಚಮತ್ಕಾರ. ಮೂರೂ ಮನೆಯವರು ಸರಿಯಾಗಿ ಪರಿಚಯವಾಗಿ ಒಂದೇ ಹೆಸರಿನ ಕೆಳಗೆ ಬಂದುದು 1990ರಲ್ಲಿ ಡಾರ್ಟ್‌ಮಂಡ್‌ನಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ.

ಹಾಲಂಡ್ ಅವರ ಶಿಷ್ಯ ಕೆನೆತ್ ಡಿ ಜಾಂಗ್ 1975ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ಐದು ಗಣಿತ ಫಲನಗಳನ್ನು ಆರಿಸಿಕೊಂಡರು. ಒಂದು ಬಟ್ಟಲಿನಂತೆ ನುಣುಪಾದುದು, ಒಂದು ಬಾಗಿದ ಕಿರುಕಣಿವೆ, ಒಂದು ಮೆಟ್ಟಿಲು ಮೆಟ್ಟಿಲಾದುದು, ಒಂದರಲ್ಲಿ ಬೇಕೆಂದೇ ಗದ್ದಲ ಬೆರೆಸಲಾಗಿತ್ತು, ಕೊನೆಯದರಲ್ಲಿ ಸಮತಟ್ಟಾದ ಬಯಲಿನ ಮೇಲೆ 25 ಗುಂಡಿಗಳು. ಪ್ರತಿಯೊಂದರಲ್ಲೂ ಅತಿ ತಗ್ಗಿನ ಜಾಗ ಹುಡುಕಬೇಕು. ಎಷ್ಟು ಸರಗಳಿರಬೇಕು, ಎಷ್ಟು ಉತ್ಪರಿವರ್ತನೆ ಇರಬೇಕು ಎಂಬುದನ್ನೆಲ್ಲ ಅವರು ಅಳೆದು ನೋಡಿದರು. ಬಿ.ಎಡ್. ಓದಿದವರಿಗೆ ಪ್ರಶ್ನೆಪತ್ರಿಕೆಯ ನೀಲನಕ್ಷೆ ಎಂದರೆ ಏನೆಂದು ಗೊತ್ತು: ಸುಲಭ ಪ್ರಶ್ನೆ ಇಷ್ಟು, ಕಠಿಣ ಇಷ್ಟು, ಜ್ಞಾನಕ್ಕೆ ಇಷ್ಟು, ಅನ್ವಯಕ್ಕೆ ಇಷ್ಟು. ಡಿ ಜಾಂಗ್ ಮಾಡಿದ್ದು ಅದನ್ನೇ. ಬೇರೆ ಬೇರೆ ಗುಣ ಅಳೆಯುವ ಐದು ಪ್ರಶ್ನೆಗಳು. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವೇ ಇದೆ.

ತೊಂದರೆ ಶುರುವಾದುದು ಆಮೇಲೆ. ಹದಿನೈದು ವರ್ಷಗಳ ಕಾಲ ಬಂದವರೆಲ್ಲರೂ ಈ ಐದನ್ನೋ ಇವುಗಳ ದಾಯಾದಿಗಳನ್ನೋ ಹಿಡಿದುಕೊಂಡರು. ಬಟ್ಟಲಿನ ತಳ ಇರುವುದು ಎಲ್ಲ ಚರಾಂಶಗಳೂ ಸೊನ್ನೆಯಾದಾಗ. ಮುಂದೆ ಬಹಳ ಜನಪ್ರಿಯವಾದ ರಾಸ್ಟ್ರಿಗಿನ್, ಆಕ್ಲಿ, ಗ್ರೀವಾಂಕ್ ಫಲನಗಳಲ್ಲೂ ಉತ್ತರ ಸೊನ್ನೆಯೇ, ಹುಡುಕಾಟದ ಬಯಲಿನ ನಟ್ಟನಡುವೆ.

ಇದರಲ್ಲೇನು ತಪ್ಪು ಎಂದು ನೀವು ಕೇಳಬಹುದು. ನನ್ನದೇ ಒಂದು ತಪ್ಪು ಹೇಳುತ್ತೇನೆ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಕಿರುಪರೀಕ್ಷೆಗೆ ಹತ್ತು ಸರಿ ತಪ್ಪು ಪ್ರಶ್ನೆಗಳನ್ನು ಅವಸರದಲ್ಲಿ ಬರೆದೆ. ಪುಸ್ತಕದಿಂದ ನೇರವಾಗಿ ವಾಕ್ಯಗಳನ್ನು ಎತ್ತಿಕೊಂಡಿದ್ದರಿಂದ ಹತ್ತೂ ಸರಿ ವಾಕ್ಯಗಳೇ ಆಗಿದ್ದವು. ಅದು ನನಗೆ ಹೊಳೆದದ್ದು ಉತ್ತರ ಪತ್ರಿಕೆ ತಿದ್ದುವಾಗ. ಹಿಂದಿನ ಬೆಂಚಿನ ಹುಡುಗನೊಬ್ಬ ಹತ್ತಕ್ಕೂ ಸರಿ ಸರಿ ಎಂದು ಬರೆದು ಹತ್ತಕ್ಕೆ ಹತ್ತು ಅಂಕ ಪಡೆದಿದ್ದ. ಯೋಚಿಸಿ ಬರೆಯುತ್ತಿದ್ದ ಹುಡುಗಿಯೊಬ್ಬಳು, ಒಂದಾದರೂ ತಪ್ಪು ಇರಲೇಬೇಕಲ್ಲ ಎಂದು ಅನುಮಾನಿಸಿ ಎರಡು ಕಳೆದುಕೊಂಡಿದ್ದಳು. ಹುಡುಗನನ್ನು ಕರೆದು ಕೇಳಿದರೆ, ಪ್ರಶ್ನೆ ಓದಲೇ ಇಲ್ಲ ಸರ್ ಎಂದು ಪ್ರಾಮಾಣಿಕವಾಗಿ ಹೇಳಿದ. ಅವನದೇನು ತಪ್ಪು? ನನ್ನ ಪರೀಕ್ಷೆಗೆ ಸಪ್ರಮಾಣತೆ ಇರಲಿಲ್ಲ, ಅದು ಅಳೆಯಬೇಕಾದುದನ್ನು ಅಳೆಯಲಿಲ್ಲ.

ಉತ್ತರ ಯಾವಾಗಲೂ ಸೊನ್ನೆಯಲ್ಲೇ ಇದ್ದರೆ, ಸೊನ್ನೆಯ ಕಡೆಗೆ ಒಲವಿರುವ ವಿಧಾನ ಪ್ರಶ್ನೆ ಓದದೆಯೇ ರ‍್ಯಾಂಕ್ ಪಡೆಯುತ್ತದೆ.

1991ರಲ್ಲಿ ಲಾರೆನ್ಸ್ ಡೇವಿಸ್ ಎಂಬವರು ಈ ಪ್ರಶ್ನೆಪತ್ರಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಅವರು ತೀರಾ ಸಾದಾ ವಿಧಾನವೊಂದನ್ನು ತಂದರು: ಒಂದೇ ಸರ, ಅದರಲ್ಲಿ ಒಂದೊಂದೇ ಅಂಕಿಯನ್ನು ತಿರುವಿ ನೋಡುವುದು, ಉಪಯೋಗವಾದರೆ ಇಟ್ಟುಕೊಳ್ಳುವುದು. ಸಂಕರವಿಲ್ಲ, ಐವತ್ತು ಸರಗಳ ಸಂಸಾರವೂ ಇಲ್ಲ. ರೂಢಿಯಲ್ಲಿದ್ದ ಫಲನಗಳ ಪೈಕಿ ಹೆಚ್ಚಿನವುಗಳಲ್ಲಿ ಈ ಬಡಪಾಯಿ ವಿಧಾನವೇ ಜೆನೆಟಿಕ್ ಅಲ್ಗಾರಿದಮ್‌ಗಿಂತ ಬೇಗ ಗುರಿ ಮುಟ್ಟಿತು. ಉತ್ತರದ ಜಾಗವನ್ನು ಸ್ವಲ್ಪ ಸರಿಸಿದರೆ ಫಲಿತಾಂಶಗಳೂ ಬದಲಾಗುತ್ತಿದ್ದವು. ಅಂದರೆ ಹದಿನೈದು ವರ್ಷ ಅಂಕ ಕೊಟ್ಟದ್ದು ಯಾವುದಕ್ಕೆ?

ಇದಕ್ಕಿಂತಲೂ ನನ್ನ ಮನಸ್ಸನ್ನು ತಟ್ಟಿದ್ದು ಇದೇ ಕಾಲದ ಇನ್ನೊಂದು ಪ್ರಸಂಗ. ಮೆಲನಿ ಮಿಚೆಲ್, ಸ್ಟೆಫನಿ ಫಾರೆಸ್ಟ್ ಮತ್ತು ಸ್ವತಃ ಜಾನ್ ಹಾಲಂಡ್ ಸೇರಿ ಒಂದು ಹೊಸ ಪ್ರಶ್ನೆಯನ್ನು ರಚಿಸಿದರು. ಜೆನೆಟಿಕ್ ಅಲ್ಗಾರಿದಂ ಗೆಲ್ಲಲೇಬೇಕಾದ ಪ್ರಶ್ನೆ ಅದು, ಅದಕ್ಕೆಂದೇ ಹಾಸಿದ ರತ್ನಗಂಬಳಿ. ಹೆಸರೂ ಹಾಗೆಯೇ, ರಾಯಲ್ ರೋಡ್, ಅಂದರೆ ರಾಜಮಾರ್ಗ. 64 ಅಂಕಿಗಳ ಸರ. ಅದನ್ನು ಎಂಟೆಂಟರ ಎಂಟು ಗುಂಪುಗಳಾಗಿ ಮಾಡಿ. ಒಂದು ಗುಂಪಿನ ಎಂಟೂ ಅಂಕಿಗಳು ಒಂದು ಆದರೆ 8 ಅಂಕ, ಏಳು ಆಗಿದ್ದರೂ ಸೊನ್ನೆ. ಎಲ್ಲ ಗುಂಪುಗಳೂ ಪೂರ್ಣವಾದರೆ 64 ಅಂಕ. ಒಂದು ಸರದಲ್ಲಿ ಮೊದಲ ಗುಂಪು ಸಿದ್ಧವಿರಲಿ, ಇನ್ನೊಂದರಲ್ಲಿ ಐದನೆಯದು ಸಿದ್ಧವಿರಲಿ. ಎರಡನ್ನೂ ಕತ್ತರಿಸಿ ಜೋಡಿಸಿದರೆ ಎರಡೂ ಗುಂಪುಗಳಿರುವ ಮಗು ಹುಟ್ಟುತ್ತದೆ. ಸಂಕರದ ಶಕ್ತಿಗೆ ಇದಕ್ಕಿಂತ ಅನುಕೂಲವಾದ ಮೈದಾನ ಇನ್ನೆಲ್ಲಿ?

ಎದುರಾಳಿಗಳಾಗಿ ಮೂರು ಬಗೆಯ ಗುಡ್ಡ ಹತ್ತುವ ಸಾದಾ ವಿಧಾನಗಳನ್ನು ನಿಲ್ಲಿಸಲಾಯಿತು. ಪ್ರತಿಯೊಂದನ್ನೂ 200 ಬಾರಿ ಓಡಿಸಿದರು. ಮೊದಲ ಎರಡು 2,56,000 ಸರಗಳನ್ನು ನೋಡಿದರೂ ಗುರಿ ತಲುಪಲಿಲ್ಲ. ಜೆನೆಟಿಕ್ ಅಲ್ಗಾರಿದಂ ಸರಾಸರಿ 61,334 ಸರಗಳನ್ನು ನೋಡಿ ತಲುಪಿತು. ಮೂರನೆಯ ಸಾದಾ ವಿಧಾನ ಯಾವುದಾದರೂ ಒಂದು ಅಂಕಿಯನ್ನು ಕಣ್ಣುಮುಚ್ಚಿ ತಿರುವುತ್ತದೆ, ನಷ್ಟವಾಗದಿದ್ದರೆ ಸಾಕು, ಹೊಸದನ್ನು ಇಟ್ಟುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಸರಾಸರಿ 6,179. ಹತ್ತರಲ್ಲಿ ಒಂದು ಪಾಲು!

ಈಗ ಆ ಮೂವರ ಸ್ಥಾನದಲ್ಲಿ ನಿಂತು ಯೋಚಿಸಿ. ಹಾಲಂಡ್ ಈ ವಿಧಾನದ ಜನಕ. ಪ್ರಶ್ನೆಪತ್ರಿಕೆಯನ್ನು ತಯಾರಿಸಿದವರೂ ತಾವೇ. ಫಲಿತಾಂಶವನ್ನು ಮೇಜಿನ ಖಾನೆಯಲ್ಲಿಟ್ಟು, ಮೊದಲೆರಡು ಎದುರಾಳಿಗಳ ಸೋಲನ್ನಷ್ಟೇ ಅಚ್ಚು ಹಾಕಿಸಿದ್ದರೆ ಕೇಳುವವರು ಯಾರಿದ್ದರು? ಅವರು ಮೂರನೆಯದನ್ನೂ ಅಂಕಿ ಸಮೇತ ಪ್ರಕಟಿಸಿದರು. ಅಷ್ಟೇ ಅಲ್ಲ, ಸೋಲಿನ ಕಾರಣವನ್ನೂ ಹುಡುಕಿದರು. ಒಂದು ಗುಂಪು ಪೂರ್ಣವಾದ ಸರಕ್ಕೆ ಅಂಕ ಹೆಚ್ಚು, ಆದ್ದರಿಂದ ಅದರ ನಕಲುಗಳು ಬೇಗ ಬೇಗ ಹರಡುತ್ತವೆ. ಆ ಸರದಲ್ಲಿ ಬೇರೆಡೆ ಇರುವ ಬೇಡದ ಸೊನ್ನೆಗಳೂ ಟಿಕೆಟ್ ಇಲ್ಲದ ಪ್ರಯಾಣಿಕರಂತೆ ಅದರ ಜೊತೆ ಹತ್ತಿಕೊಂಡು ಇಡೀ ಸಂತತಿಯನ್ನು ತುಂಬಿಬಿಡುತ್ತವೆ. ಬೇರೆಡೆ ಅರಳಬೇಕಾಗಿದ್ದ ಒಳ್ಳೆಯ ಗುಂಪುಗಳು ಅಳಿದುಹೋಗುತ್ತವೆ. ಈ ಕಾರಣ ತಿಳಿದ ಮೇಲೆಯೇ ಸಂಕರ ಯಾವಾಗ ಉಪಕಾರಿ, ಯಾವಾಗ ಅಲ್ಲ ಎಂಬ ನಿಜವಾದ ಚರ್ಚೆ ಸಾಧ್ಯವಾದದ್ದು. ಗೆದ್ದಿದ್ದರೆ ಅವರಿಗೂ ನಮಗೂ ಇಷ್ಟು ತಿಳಿಯುತ್ತಿರಲಿಲ್ಲ.

ಅದೇ ದಶಕದಲ್ಲಿ ಇನ್ನಷ್ಟು ಬಿರುಕುಗಳು ಕಂಡವು. 1996ರಲ್ಲಿ ರಾಲ್ಫ್ ಸಾಲೊಮನ್ ಎಂಬ ಸಂಶೋಧಕರು ಹಳೆಯ ಫಲನಗಳ ಅಕ್ಷಗಳನ್ನು ಕೋನದಲ್ಲಿ ತಿರುಗಿಸಿ ನೋಡಿದರು. ಬಟ್ಟಲು ಅದೇ, ಗುಂಡಿಗಳು ಅವೇ, ನೋಡುವ ದಿಕ್ಕು ಮಾತ್ರ ಬೇರೆ. ಜೆನೆಟಿಕ್ ಅಲ್ಗಾರಿದಮ್‌ನ ಸಾಮರ್ಥ್ಯ ದಿಢೀರನೆ ಕುಸಿಯಿತು. ಕಾರಣವಿಷ್ಟೆ: ಹಳೆಯ ಫಲನಗಳಲ್ಲಿ ಪ್ರತಿ ಚರಾಂಶವನ್ನೂ ಬಿಡಿಬಿಡಿಯಾಗಿ ಸರಿಪಡಿಸಬಹುದಿತ್ತು. ತಿರುಗಿಸಿದ ಮೇಲೆ ಅವು ನಮ್ಮ ವೇಳಾಪಟ್ಟಿಯ ಪೀರಿಯಡ್‌ಗಳಂತೆ ಒಂದಕ್ಕೊಂದು ಹೆಣೆದುಕೊಂಡವು. ಜಗತ್ತಿನ ನಿಜವಾದ ಸಮಸ್ಯೆಗಳಲ್ಲಿ ಬಿಡಿಬಿಡಿಯಾಗಿ ಬಿಡಿಸಬಹುದಾದವು ಎಷ್ಟಿವೆ, ನೀವೇ ಹೇಳಿ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಹೂಕರ್ 1995ರಲ್ಲಿ ಬರೆದ ಲೇಖನವೊಂದರ ಶೀರ್ಷಿಕೆಯಲ್ಲೇ, ನಾವು ಪರೀಕ್ಷಿಸುವ ಕ್ರಮ ಪೂರ್ತಿ ತಪ್ಪು ಎಂಬ ಮಾತಿತ್ತು. ಯಾವುದು ವೇಗವಾಗಿ ಓಡುತ್ತದೆ ಎಂಬ ಕುದುರೆ ಪಂದ್ಯ ಕಟ್ಟುತ್ತಿದ್ದೇವೆ, ಏಕೆ ಓಡುತ್ತದೆ ಎಂದು ಕೇಳುತ್ತಿಲ್ಲ ಎಂಬುದು ಅವರ ಆಕ್ಷೇಪಣೆಯ ಸಾರ. 1997ರಲ್ಲಿ ಡೇವಿಡ್ ವೋಲ್ಪರ್ಟ್ ಮತ್ತು ವಿಲಿಯಂ ಮೆಕ್‌ರೆಡಿ ಗಣಿತದಿಂದಲೇ ಸಾಧಿಸಿದರು: ಊಹಿಸಬಹುದಾದ ಎಲ್ಲ ಸಮಸ್ಯೆಗಳನ್ನೂ ಸಮಾನವಾಗಿ ಸೇರಿಸಿ ಸರಾಸರಿ ತೆಗೆದರೆ, ನೋಡಿದ ಜಾಗವನ್ನೇ ಮತ್ತೆ ನೋಡದ ಯಾವ ಹುಡುಕಾಟ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ. ಕುರುಡು ಹುಡುಕಾಟವೂ ಅಷ್ಟೇ. ಬಿಟ್ಟಿ ಊಟ ಇಲ್ಲ ಎಂಬ ಹೆಸರಿನಿಂದ ಪ್ರಸಿದ್ಧವಾದ ಪ್ರಮೇಯ ಇದು. ಇದನ್ನು ಓದಿ, ಹಾಗಾದರೆ ಎಲ್ಲವೂ ಒಂದೇ, ಪರೀಕ್ಷೆಯೇ ದಂಡ ಎಂದು ಕೈತೊಳೆದುಕೊಂಡವರೂ ಉಂಟು. ನನಗೆ ಅದು ಸರಿಯೆನಿಸುವುದಿಲ್ಲ. ನಮಗೆ ಎದುರಾಗುವುದು ಊಹಿಸಬಹುದಾದ ಎಲ್ಲ ಸಮಸ್ಯೆಗಳಲ್ಲ, ವೇಳಾಪಟ್ಟಿ, ನಳಿಕೆ, ಸೇತುವೆ ಇಂಥವು. ಯಾವ ಬಗೆಯ ಸಮಸ್ಯೆಗೆ ಯಾವ ವಿಧಾನ ಹೊಂದುತ್ತದೆ ಎಂದು ಹೇಳದೆ ಬರೀ ಉತ್ತಮ ಎಂದರೆ ಅರ್ಥವಿಲ್ಲ ಎಂಬುದನ್ನಷ್ಟೇ ಆ ಪ್ರಮೇಯ ಗಟ್ಟಿಯಾಗಿ ಹೇಳಿತು.

ವೇಳಾಪಟ್ಟಿ ಎಂದಾಗ ನೆನಪಾಯಿತು. 2002ರಲ್ಲಿ ವಿಶ್ವವಿದ್ಯಾಲಯದ ವೇಳಾಪಟ್ಟಿ ರಚಿಸುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದು ನಡೆಯಿತು. ಎಲ್ಲರಿಗೂ ಅವೇ 20 ಸಮಸ್ಯೆಗಳು, ಅದೇ ನಿಯಮ, ಸಮಯದ ಮಿತಿ. ಮೊದಲ ಸ್ಥಾನ ಹೋದದ್ದು ವಿಕಾಸ ಮಾದರಿಗಲ್ಲ, ಕಾದ ಲೋಹ ನಿಧಾನವಾಗಿ ಆರುವುದನ್ನು ಅನುಕರಿಸುವ ಬೇರೊಂದು ವಿಧಾನಕ್ಕೆ. ನಮ್ಮ ಸ್ಟಾಫ್ ರೂಮಿಗೆ ಇನ್ನೂ ಯಾವುದೂ ತಲುಪಿಲ್ಲ, ಪೆನ್ಸಿಲ್ ಮತ್ತು ರಬ್ಬರ್‌ದೇ ರಾಜ್ಯ.

ಹೊಸ ಶತಮಾನದಲ್ಲಿ ಪ್ರಶ್ನೆಪತ್ರಿಕೆಗಳು ನಿಧಾನವಾಗಿ ಸುಧಾರಿಸಿದವು. 2005ರಲ್ಲಿ ಎಡಿನ್‌ಬರೊದಲ್ಲಿ ನಡೆದ ಸಮ್ಮೇಳನಕ್ಕಾಗಿ, ಸಿಂಗಪುರದ ನನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಪಿ. ಎನ್. ಸುಗಂಥನ್ ಮತ್ತು ಸಂಗಡಿಗರು 25 ಫಲನಗಳ ಪಟ್ಟಿ ತಯಾರಿಸಿದರು. ಅವುಗಳಲ್ಲಿ ಹೆಚ್ಚಿನವುಗಳ ಉತ್ತರವನ್ನು ಸೊನ್ನೆಯಿಂದ ಕದಲಿಸಲಾಗಿತ್ತು, ಹಲವನ್ನು ತಿರುಗಿಸಲಾಗಿತ್ತು. ಪ್ರತಿಯೊಂದನ್ನೂ 25 ಬಾರಿ ಓಡಿಸಬೇಕೆಂಬ ನಿಯಮವೂ ಇತ್ತು. ಅದೃಷ್ಟವನ್ನು ನೆಚ್ಚಿದ ವಿಧಾನವನ್ನು ಒಂದೇ ಸಲ ಓಡಿಸಿ ತೀರ್ಪು ಕೊಡುವುದು, ಒಂದೇ ಒಂದು ಚೆಂಡು ಎಸೆಸಿ ಬೌಲರನನ್ನು ಆರಿಸಿದಂತೆ.

2009ರಲ್ಲಿ ಮಾಂಟ್ರಿಯಲ್‌ನಲ್ಲಿ ನಿಕೊಲಾಸ್ ಹಾನ್ಸೆನ್, ಆನ್ ಓಜೆ ಮುಂತಾದವರು ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ಏರ್ಪಡಿಸಿದರು. ಗದ್ದಲವಿಲ್ಲದ 24 ಫಲನಗಳು, 2ರಿಂದ 40 ಚರಾಂಶಗಳು. ಪ್ರತಿ ಫಲನಕ್ಕೂ ಹಲವು ರೂಪಗಳು, ಪ್ರತಿ ರೂಪದಲ್ಲೂ ಉತ್ತರ ಬೇರೆ ಜಾಗದಲ್ಲಿ. ಗಡಿಯಾರದ ಸಮಯವನ್ನು ನೆಚ್ಚದೆ, ಎಷ್ಟು ಬಾರಿ ಫಲನವನ್ನು ಕೇಳಿದೆ ಎಂಬುದನ್ನು ಎಣಿಸಿದರು. ಇದರಿಂದ ದುಬಾರಿ ಕಂಪ್ಯೂಟರ್ ಇದ್ದವನಿಗೆ ಲಾಭವಾಗುವುದು ತಪ್ಪಿತು. ಉತ್ತರದ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಸಮೀಪಕ್ಕೆ ಬಂದರೆ ಮಾತ್ರ ಪೂರ್ಣ ಯಶಸ್ಸು. ಆ ವರ್ಷ 31 ವಿಧಾನಗಳ ಫಲಿತಾಂಶಗಳನ್ನು ಒಟ್ಟಿಗೆ ಹೋಲಿಸಲಾಯಿತು. ಹೆಚ್ಚು ಅವಕಾಶ ಕೊಟ್ಟಾಗ ಮುಂದೆ ನಿಂತದ್ದು ಹಾನ್ಸೆನ್ ಅವರದೇ ಪರಂಪರೆಯ ವಿಧಾನ. ಅದರ ಬೇರು ಇರುವುದು ಬರ್ಲಿನ್‌ನ ಅದೇ ಹಳೆಯ ಗಾಳಿಸುರಂಗದ ವಿಶ್ವವಿದ್ಯಾಲಯದಲ್ಲಿ. ಪರೀಕ್ಷಕರೇ ಅಭ್ಯರ್ಥಿಯ ಮನೆಯವರು ಎಂದು ಇಲ್ಲಿ ಹುಬ್ಬೇರಿಸುವುದು ಸಹಜ, ನಾನೂ ಏರಿಸಿದೆ. ಆದರೆ ಪ್ರಶ್ನೆಗಳು, ಪ್ರೋಗ್ರಾಂ, ಅಂಕಪಟ್ಟಿ ಎಲ್ಲವನ್ನೂ ಅವರು ಬಹಿರಂಗವಾಗಿ ಇಟ್ಟಿದ್ದಾರೆ. ಯಾರು ಬೇಕಾದರೂ ಮರುಮೌಲ್ಯಮಾಪನ ಮಾಡಿಕೊಳ್ಳಬಹುದು.

ಭಾರತದ ಹೆಸರೂ ಈ ಚರಿತ್ರೆಯಲ್ಲಿ ದೊಡ್ಡದಾಗಿ ಇದೆ. ಐಐಟಿ ಕಾನ್ಪುರದಲ್ಲಿದ್ದಾಗ ಕಲ್ಯಾಣ್‌ಮೊಯ್ ದೇಬ್ ಮತ್ತು ಅವರ ವಿದ್ಯಾರ್ಥಿಗಳು 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ ಎರಡು ಎಂಬ ವಿಧಾನ ಲೋಕಪ್ರಸಿದ್ಧ. ಖರ್ಚು ಕಡಿಮೆ, ಗಟ್ಟಿತನ ಹೆಚ್ಚು ಎಂಬಂಥ ಪರಸ್ಪರ ವಿರುದ್ಧವಾದ ಗುರಿಗಳನ್ನು ಒಟ್ಟಿಗೆ ತೂಗುವ ವಿಧಾನ ಅದು. ಇಂಥ ವಿಧಾನಗಳನ್ನು ಪರೀಕ್ಷಿಸಲು ಎಕಾರ್ಟ್ ಝಿಟ್ಜ್‌ಲರ್, ದೇಬ್ ಮತ್ತು ಲೋಥರ್ ಥೀಲೆ 2000ದಲ್ಲಿ ಆರು ಸಮಸ್ಯೆಗಳನ್ನು ಕೊಟ್ಟರು. ಎಲ್ಲರೂ ಅವನ್ನೇ ಬಳಸಿದರು. ಅವುಗಳ ಪೈಕಿ ಐದರಲ್ಲಿ ಅತ್ಯುತ್ತಮ ಉತ್ತರ ಸಿಗಬೇಕಾದರೆ ಮೊದಲನೆಯದನ್ನು ಬಿಟ್ಟು ಉಳಿದೆಲ್ಲ ಚರಾಂಶಗಳೂ ಸೊನ್ನೆಯಾಗಬೇಕು! ದೊಡ್ಡ ಪಂಡಿತರ ಕೈಯಿಂದಲೂ ನನ್ನ ಸರಿ ತಪ್ಪು ಪ್ರಶ್ನೆಪತ್ರಿಕೆಯಂಥದು ಹೊರಬರುತ್ತದೆ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಇನ್ನೊಂದು ರೋಗ ಇದೇ ಕಾಲದಲ್ಲಿ ಹಬ್ಬಿತು. ಇರುವೆ, ಜೇನು, ತೋಳ, ಬಾವಲಿ, ತಿಮಿಂಗಿಲ ಎಂದು ಒಂದೊಂದು ಪ್ರಾಣಿಯ ಹೆಸರಿನಲ್ಲೂ ಹೊಸ ವಿಧಾನಗಳು ಬರತೊಡಗಿದವು. ಇರುವೆಯದರಂಥ ಕೆಲವು ನಿಜವಾಗಿಯೂ ಹೊಸ ವಿಚಾರ ತಂದವು. ಉಳಿದ ಬಹಳಷ್ಟು ಲೇಖನಗಳಲ್ಲಿ ಹಳೆಯ ಸುಲಭ ಫಲನಗಳು, ದುರ್ಬಲ ಎದುರಾಳಿಗಳು, ಕೊನೆಯಲ್ಲಿ ನಮ್ಮದೇ ಶ್ರೇಷ್ಠ ಎಂಬ ಪಟ್ಟಿ. ತಮ್ಮ ವಿಧಾನವನ್ನು ತಿಂಗಳುಗಟ್ಟಲೆ ಹದ ಮಾಡಿ, ಎದುರಾಳಿಯನ್ನು ಹದ ಮಾಡದೆ ಕಣಕ್ಕಿಳಿಸುವುದು ಇದರ ಗುಟ್ಟು. ತನ್ನ ಮಗನಿಗೆ ಟ್ಯೂಷನ್ ಕೊಡಿಸಿ, ಪಕ್ಕದ ಮನೆಯ ಹುಡುಗನನ್ನು ನಿದ್ದೆಯಿಂದ ಎಬ್ಬಿಸಿ ಪರೀಕ್ಷೆಗೆ ಕೂರಿಸಿದ ಹಾಗೆ. ಬೆಲ್ಜಿಯಂನ ಕೆನೆತ್ ಸೋರೆನ್ಸೆನ್ 2015ರಲ್ಲಿ ಈ ರೂಪಕಗಳ ಸಂತೆಯನ್ನು ಕಟುವಾಗಿ ಟೀಕಿಸಿದರು. ಅದಕ್ಕೂ ಮೊದಲೇ, 2010ರಲ್ಲಿ, ಡೆನ್ನಿಸ್ ವೇಲಾಂಡ್ ಎಂಬವರು ಸಂಗೀತಗಾರರ ಸ್ವರಮೇಳವನ್ನು ಹೋಲುವುದೆಂದು 2001ರಲ್ಲಿ ಬಂದಿದ್ದ ವಿಧಾನವೊಂದನ್ನು ಬಿಡಿಸಿ ನೋಡಿದರು. ರಾಗದ ಮಾತುಗಳನ್ನು ತೆಗೆದರೆ ಒಳಗಿರುವುದು ರೆಶೆನ್‌ಬರ್ಗ್ ಮತ್ತು ಶ್ವೇಫೆಲ್ ಅವರ ಹಳೆಯ ವಿಧಾನದ ಒಂದು ವಿಶೇಷ ರೂಪವಷ್ಟೇ ಎಂದು ತೋರಿಸಿದರು. ಮೂಲ ಲೇಖಕರ ಕಡೆಯಿಂದ ಪ್ರತಿವಾದವೂ ಬಂತು.

2022ರಲ್ಲಿ ಚೆಕ್ ಸಂಶೋಧಕ ಯಾಕುಬ್ ಕುಡೇಲಾ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಹಳೆಯ ಪ್ರಶ್ನೆಯನ್ನೇ ಮತ್ತೆ ಎತ್ತಿದರು. ಇತ್ತೀಚಿನ ವಿಧಾನಗಳನ್ನು ತೆಗೆದುಕೊಂಡು, ಉತ್ತರವನ್ನು ಬಯಲಿನ ನಡುವಿನಿಂದ ಸರಿಸಿ ಓಡಿಸಿದರು. ನಡುವಿನಲ್ಲಿ ಉತ್ತರವಿದ್ದಾಗ ಅದ್ಭುತವಾಗಿ ತೋರಿದ್ದ ಕೆಲವು ವಿಧಾನಗಳು ಆಗ ಸಾಧಾರಣವಾಗಿಬಿಟ್ಟವು. ಪಟ್ಟಿಯ ತುದಿಯನ್ನು ಸರಿಸಿ ನೋಡಿದ ಬರ್ಲಿನ್ ಹುಡುಗರ ಎಚ್ಚರಿಕೆಯಿಂದ ಇಲ್ಲಿಗೆ ಐವತ್ತಕ್ಕೂ ಹೆಚ್ಚು ವರ್ಷ!

ಇಷ್ಟೆಲ್ಲ ಓದಿ ಈ ವಿಧಾನಗಳೇ ಟೊಳ್ಳು ಎಂದುಕೊಳ್ಳಬೇಡಿ. 2006ರ ಮಾರ್ಚ್ 22ರಂದು ಅಮೆರಿಕದ ನಾಸಾ ಸಂಸ್ಥೆ ಎಸ್‌ಟಿ 5 ಎಂಬ ಯೋಜನೆಯ ಮೂರು ಪುಟ್ಟ ಉಪಗ್ರಹಗಳನ್ನು ಹಾರಿಸಿತು. ಅವುಗಳಲ್ಲಿದ್ದ ಒಂದು ಬಗೆಯ ಆಂಟೆನಾ ಯಾವ ಇಂಜಿನಿಯರನೂ ಕೈಯಿಂದ ವಿನ್ಯಾಸ ಮಾಡಿದ್ದಲ್ಲ, ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ವಿಕಾಸ ಮಾದರಿಯಿಂದ ಹುಟ್ಟಿದ್ದು. ನೋಡಲು ಮಕ್ಕಳು ಆಟಕ್ಕೆ ತಿರುಚಿ ಬಿಸಾಡಿದ ಪೇಪರ್ ಕ್ಲಿಪ್‌ನಂತೆ. ಪ್ರತಿಧ್ವನಿ ಬಾರದ ಕೋಣೆಯಲ್ಲಿಟ್ಟು ಅಳೆದು, ಬೇಕಾದ ಗುಣಗಳಿವೆ ಎಂದು ಖಾತ್ರಿಯಾದ ಮೇಲೆ ಅದನ್ನು ಆಕಾಶಕ್ಕೆ ಕಳುಹಿಸಿದರು. ಅಲ್ಲಿಯೂ ಶಿಫಾರಸು ನಡೆಯದ ಪರೀಕ್ಷಕರೇ.

ನಿಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಇದನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಿ ನೋಡಬಹುದು. ಹತ್ತು ಚರಾಂಶಗಳ ಬಟ್ಟಲು ಫಲನ ಸಾಕು, ಎಲ್ಲವುಗಳ ವರ್ಗಗಳ ಮೊತ್ತ. ನಿಮಗೆ ಇಷ್ಟವಾದ ವಿಧಾನವೊಂದನ್ನು ಬರೆಯಿರಿ, ಪಕ್ಕದಲ್ಲಿ ಒಂದೊಂದೇ ಹೆಜ್ಜೆ ಇಡುವ ಸಾದಾ ವಿಧಾನವನ್ನೂ ಬರೆಯಿರಿ. ಎರಡಕ್ಕೂ ಫಲನವನ್ನು ಕೇಳಲು 10,000 ಅವಕಾಶ ಕೊಡಿ, ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೇಡ. ಬೇರೆ ಬೇರೆ ಆರಂಭಗಳಿಂದ 30 ಬಾರಿ ಓಡಿಸಿ ಎಲ್ಲ ಫಲಿತಾಂಶಗಳನ್ನೂ ಬರೆದಿಡಿ, ಚೆನ್ನಾಗಿ ಬಂದವನ್ನು ಮಾತ್ರವಲ್ಲ. ನಂತರ ಉತ್ತರವನ್ನು ಸೊನ್ನೆಯಿಂದ 3.7ಕ್ಕೋ, ಪ್ರತಿ ಚರಾಂಶಕ್ಕೆ ಬೇರೆ ಬೇರೆ ಜಾಗಕ್ಕೋ ಸರಿಸಿ ಇನ್ನೊಮ್ಮೆ 30 ಬಾರಿ ಓಡಿಸಿ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬನ್ನಿ, ಮುಂದಿನ ವಾರ್ಷಿಕೋತ್ಸವದಲ್ಲಿ ಕುಳಿತು ನೋಡೋಣ.